ಅರ್ಧ ಇಟ್ಟಿಗೆಯ ಭಾರ

ಕೋಲಾರದ ಬಸ್ಸು ರಿಪೇರಿ ಷೆಡ್ಡಿನಲ್ಲಿ ಟೈರಿಗೆ ಗಾಳಿ ತುಂಬುವ ಯಂತ್ರ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ, ದಿನಾ ಬೆಳಗ್ಗೆ ಬಂದವರೇ ಅದರ ಟ್ಯಾಂಕಿನ ಅಡಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು, ಗಬ್ಬದ ಎಮ್ಮೆಯ ಹೊಟ್ಟೆ ಮುಟ್ಟಿ ನೋಡುವವರ ಹಾಗೆ. ಹತ್ತಿರ ಯಾರು ಹೋದರೂ ಒಂದೇ ಮಾತು: “ಗಾಳಿ ಕಣ್ಣಿಗೆ ಕಾಣಲ್ಲ, ಜೋಪಾನ ಕಣೋ.” ಫಿಟ್ಟರುಗಳಾದ ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಯುದ್ಧದ ಕಾಲ, ಹೊಸ ಸಾಮಾನು ಸಿಗುತ್ತಿರಲಿಲ್ಲ. ಮೇಸ್ತ್ರಿ ವಾಲ್ವುಗಳ ಮಸಿ ಕೆರೆದು, ಬೆಲ್ಟು ಬಿಗಿದು, ಆ ಮುದಿ ಯಂತ್ರದಿಂದ ಇನ್ನಷ್ಟು ಗಾಳಿ ಹೊರಡಿಸುತ್ತಿದ್ದರು. ನಮಗೆ ಅದು ಸಾಲದು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋಗಿದ್ದರು. ಮುಳಬಾಗಿಲಿನ ಬಸ್ಸು ಹೊರಡಬೇಕು, ಟೈರು ಗಟ್ಟಿಯಾಗುತ್ತಿಲ್ಲ. ಟ್ಯಾಂಕಿನ ಮೇಲೆ, ಗಾಳಿ ಹೆಚ್ಚಾದರೆ ತಾನಾಗಿ ತೆರೆದುಕೊಳ್ಳುವ ವಾಲ್ವು ಬುಸುಗುಡುತ್ತಿತ್ತು. ಗಾಳಿ ದಂಡವಾಗುತ್ತಿದೆ ಎಂದುಕೊಂಡು, ಅದನ್ನು ಅದುಮಿಟ್ಟಿದ್ದ ಕಬ್ಬಿಣದ ಗುಂಡಿನ ಜೊತೆಗೆ ಮಾಲೂರಿನ ಅರ್ಧ ಇಟ್ಟಿಗೆಯನ್ನೂ ತಂತಿಯಲ್ಲಿ ಕಟ್ಟಿ ತೂಗುಬಿಟ್ಟೆ. ಸದ್ದು ನಿಂತಿತು. ಟೈರು ಕಲ್ಲಾಯಿತು. ನಾನು ಬೀಗಿದೆ.

ಊಟ ಮುಗಿಸಿ ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತುಬಿಟ್ಟರು. ಬುಸುಗುಡುವ ಸದ್ದು ಇರಲಿಲ್ಲ.

“ಎಲ್ರೂ ಆಚೆಗೋಗ್ರಪ್ಪ,” ಎಂದರು, ಮಗು ಮಲಗಿರುವ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ.

ಇಂಜಿನ್ ನಿಲ್ಲಿಸಿದರು. ಟ್ಯಾಂಕಿನ ಪಕ್ಕ ಮಂಡಿಯೂರಿ ಅಡಿಯ ನಲ್ಲಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದರು. ನಾನು ಹೊರಗಿನಿಂದ ನೋಡುತ್ತಿದ್ದೆ.

ಗಾಳಿಯೆಲ್ಲ ಹೋದ ಮೇಲೆ ನನ್ನನ್ನು ಕರೆದು, ನನ್ನ ಅಂಗೈಯನ್ನು ಟ್ಯಾಂಕಿನ ಅಡಿಗೆ ಒತ್ತಿದರು. ತುಕ್ಕು ತಿಂದ ತಗಡು ಬೋಂಡಾದ ಹಾಗೆ ಉಬ್ಬಿತ್ತು.

“ಬೆಳಗ್ಗೆ ಇದು ಇರ್ಲಿಲ್ಲ ಕಣೋ.”