ಬೆಂಗಳೂರಿನ ನಾಟಕಕ್ಕೆ ಒನ್ಸ್ ಮೋರ್

ಅರಸೀಕೆರೆಯಲ್ಲಿ ಮನೆ ಮಾಡಿದವರಿಗೆ ಒಂದು ಕರ್ಮ ತಪ್ಪಿದ್ದಲ್ಲ. ರೈಲಿಳಿದು ಬಂದ ನೆಂಟರಿಗೆಲ್ಲ ಬೇಲೂರು, ಹಳೇಬೀಡು ತೋರಿಸಬೇಕು. ಮದುವೆಯಾದಾಗಿನಿಂದ ನಾನೂ ನಮ್ಮ ಯಜಮಾನರೂ ಆ ಸೇವೆ ಮಾಡಿಕೊಂಡೇ ಬಂದೆವು. ನಾನು ಚಿತ್ರಾನ್ನದ ಡಬ್ಬಿ ಹಿಡಿದು ನೆರಳು ಹುಡುಕುತ್ತಿದ್ದೆ. ಅವರು ಗೋಡೆಯ ಮೇಲಿನ ಆನೆ, ಕುದುರೆಗಳ ಸಾಲು ತೋರಿಸುತ್ತ, ಗುಡಿಯೇ ಗುಂಯ್‌ಗುಡುವಂತೆ ವಿವರಿಸುತ್ತಿದ್ದರು. ಒಮ್ಮೆ ಅಲ್ಲಿನ ಗೈಡೊಬ್ಬರು ಬಂದು, "ಸ್ವಾಮಿ, ಸ್ವಲ್ಪ ಮೆತ್ತಗೆ. ನಮ್ ಪಾರ್ಟಿಯೋರೆಲ್ಲ ನಿಮ್ ಕಡೆ ಬಂದ್‌ಬಿಟ್ರು" ಎಂದು ಕೈಮುಗಿದಿದ್ದರು.

ಅಂಥ ದನಿ ಅವರದು. ಹೊಟ್ಟೆಪಾಡಿಗೆ ಕೊಬ್ಬರಿ ವ್ಯಾಪಾರ, ಜೀವಕ್ಕೆ ನಾಟಕ. ಕಣಕಟ್ಟೆ ಕಡೆಯ ಊರುಗಳಲ್ಲಿ ಪೌರಾಣಿಕ ನಾಟಕ ಎಂದರೆ ರಾಜನ ಪಾರ್ಟು ಇವರಿಗೇ ಮೀಸಲು. ನಮ್ಮ ಕಡೆ ಹಾಡು ಮನಸ್ಸಿಗೆ ಹಿಡಿಸಿದರೆ ಜನ "ಒನ್ಸ್ ಮೋರ್" ಎಂದು ಕೂಗುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಮತ್ತೆ ಶುರು ಮಾಡುತ್ತಾರೆ. ಸತ್ತು ಬಿದ್ದ ರಾಜ ಎದ್ದು, ಕಿರೀಟ ಸರಿಮಾಡಿಕೊಂಡು, ಇನ್ನೊಂದು ಸಲ ಹಾಡಿ ಮತ್ತೆ ಸಾಯುತ್ತಾನೆ. ಯಾರೂ ನಗುವುದಿಲ್ಲ. ಕೂಗದೆ ಕೂತರೇ ಪಾರ್ಟು ಮಾಡಿದವನಿಗೆ ಅವಮಾನ.

ಎರಡು ವರ್ಷದ ಹಿಂದೆ ಅವರಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೊತೆಗೆ ಆ ದನಿಯೂ ಹೋಯಿತು. ಉಳಿದದ್ದು ಒಂದು ಒಡಕು ದನಿ. "ಮಾತಾಡಿ, ಆಡ್ತಾ ಆಡ್ತಾ ಸ್ವಲ್ಪ ಬಿಟ್ಕೊಳ್ಳತ್ತೆ" ಎಂದರು ಡಾಕ್ಟರು. ಇವರೋ ಬಾಯಿಗೆ ಬೀಗ ಜಡಿದುಕೊಂಡರು. ಅಂಗಡಿಯಲ್ಲಿ ಕೈಸನ್ನೆ, ನನ್ನ ಹತ್ತಿರ ಪಿಸುಮಾತು, ಅಷ್ಟೇ. ಹಳೇಬೀಡಿನಲ್ಲಿ ನೆಂಟರ ಮಗು, "ತಾತ, ಈ ಪ್ರಾಣಿ ಯಾವ್ದು?" ಎಂದು ಕೇಳಿದರೆ ಗಂಟಲು ತೋರಿಸಿ ಮುಖ ತಿರುಗಿಸಿಬಿಟ್ಟರು. ನಾಟಕ ಕಲಿಸುವ ಡ್ರಾಮಾ ಮೇಷ್ಟ್ರು ಮೂರು ಸಲ ಮನೆಗೆ ಬಂದು, "ಯಾವ್ದಾರ ಒಂದ್ ಪಾರ್ಟು ಮಾಡಿ ಯಜಮಾನ್ರೇ, ಮುದಿ ಮಂತ್ರೀದಾರ ಆಗ್ಲಿ" ಎಂದು ಬೇಡಿಕೊಂಡರು. ಮೂರು ಸಲವೂ ತಲೆಯಾಡಿಸಿ, ಕಾಫಿ ಕುಡಿಸಿ ಕಳಿಸಿದರು. ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ನನ್ನ ಜೊತೆ ಸರಿಸಮ ಜಗಳ ಆಡುತ್ತಿದ್ದ ಗಂಡ ನನಗೆ ವಾಪಸ್ ಬೇಕಿತ್ತು. ಪಿಸುಗುಟ್ಟುವವರ ಹತ್ತಿರ ಯಾರಾದರೂ ಏನಂತ ಜಗಳ ಆಡುವುದು?

ನಾನು ಸ್ಕೂಲಿನಿಂದ ರಿಟೈರ್ ಆದ ವಾರವೇ ಹೇಳಿದೆ. "ಊರಿಗೆಲ್ಲ ಊರು ತೋರಿಸಿದ್ದಾಯ್ತು. ಈಗ ನಾವು ನೋಡೋಣ. ನಡೀರಿ ಬೆಂಗ್ಳೂರಿಗೆ. ನಾಲ್ಕು ದಿನ ಸುತ್ತೋಣ, ಒಂದು ನಾಟಕ ನೋಡೋಣ."

"ನಾಟ್ಕ ಬ್ಯಾಡ ಕಣೇ" ಎಂದು ಪಿಸುಗುಟ್ಟಿದರು.

"ನಿಮ್ಮನ್ನೇನು ಪಾರ್ಟು ಮಾಡಿ ಅಂದ್ನಾ? ಕೂತ್ಕೊಂಡು ನೋಡಿ, ಸಾಕು."

ನೆಂಟರ ಮನೆಗೆ ಹೋದರೆ ನಾನು ಅವರ ಅಡುಗೆಮನೆಯನ್ನೇ ನೋಡಿಕೊಂಡು ಬರಬೇಕಾಗುತ್ತದೆ ಎಂದು ಲಾಡ್ಜಿನಲ್ಲೇ ಇಳಿದೆವು. ಮೊದಲ ದಿನ ಲಾಲ್‌ಬಾಗ್. ಅಲ್ಲಿನ ಬಂಡೆ ಹತ್ತಿ ಇಬ್ಬರೂ ಏದುಸಿರು ಬಿಟ್ಟೆವು. ಮರುದಿನ ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಂಡು ಮೆಟ್ರೋಗೆ ಹೋದೆವು. ಎಸ್ಕಲೇಟರ್ ಮುಂದೆ ನಾನು ಸೀರೆ ನೆರಿಗೆ ಹಿಡಿದುಕೊಂಡು ಮರಗಟ್ಟಿ ನಿಂತುಬಿಟ್ಟೆ. ಹಿಂದಿನವರು "ಆಂಟಿ, ಹೋಗಿ ಆಂಟಿ" ಎಂದು ಗೊಣಗಿದರು. ಇವರು ನನ್ನ ಕೈ ಹಿಡಿದು ಹತ್ತಿಸಿಕೊಂಡು, ಸದ್ದಿಲ್ಲದೆ ನಕ್ಕರು. ಹಿಂದಿನ ಕಾಲವಾಗಿದ್ದರೆ ಇಡೀ ಸ್ಟೇಷನ್ನಿಗೆ ಕೇಳುವಂತೆ ನನ್ನನ್ನು ಆಡಿಕೊಳ್ಳುತ್ತಿದ್ದರು. ಆ ನಗು ನೋಡಿ ನನಗೆ ಸಂಕಟವಾಯಿತು.

ಮೂರನೆಯ ದಿನ ಭಾನುವಾರ. ಮಧ್ಯಾಹ್ನ ಮೂರೂವರೆಗೆ ನಾಟಕ. ಮೂರನೇ ಬೆಲ್ ಹೊಡೆಯುತ್ತಲೇ ರಂಗಮಂದಿರದ ಬಾಗಿಲು ಹಾಕಿದರು. ಫೋನ್ ಆಫ್ ಮಾಡಿ, ತಿಂಡಿ ತಿನ್ನಬೇಡಿ, ಮಾತಾಡಬೇಡಿ ಎಂದು ಹೇಳಿದರು. ಅಷ್ಟು ಜನ ಉಸಿರು ಬಿಗಿಹಿಡಿದು ಕೂತಿದ್ದು ನೋಡಿ, ಇಷ್ಟು ವರ್ಷ ಪಾಠ ಹೇಳಿದ ನನಗೇ ಹೊಟ್ಟೆಕಿಚ್ಚಾಯಿತು.

ಕತೆ ಒಬ್ಬ ದೋಣಿ ನಡೆಸುವ ಹೆಂಗಸಿನದು. ಹೊಳೆ ಬತ್ತಿಹೋಗಿದೆ, ಅವಳು ಮರಳ ಮೇಲೆ ನಿಂತ ದೋಣಿಯಲ್ಲಿ ಕೂತು ಹಾಡುತ್ತಾಳೆ. ರಂಗದ ಮೂಲೆಯಲ್ಲಿ ಬಿಳಿತಲೆಯ ಹಿರಿಯರೊಬ್ಬರು ಹಾರ್ಮೋನಿಯಂ ಹಿಡಿದಿದ್ದರು. ಆ ಪಾರ್ಟು ಮಾಡಿದ ಹುಡುಗಿ ಅದೆಂಥ ಚೆಂದ ಹಾಡಿದಳು ಅಂತೀರಿ! ಹಾಡು ಮುಗಿಯಿತು. ಯಾರೂ ಚಪ್ಪಾಳೆ ಕೂಡ ತಟ್ಟಲಿಲ್ಲ. ನನ್ನ ಪಕ್ಕದ ಸೀಟು ಕಿರ್ ಎಂದಿತು.

"ಒನ್ಸ್ ಮೋರ್!"

ಒಡಕು ದನಿ, ಆದರೆ ಹೊಟ್ಟೆಯಾಳದಿಂದ ಬಂದದ್ದು. ಮುಂದಿನ ಸಾಲುಗಳ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಅಯ್ಯೋ ಶಿವನೇ! ನಾನು ಅವರ ಅಂಗಿ ಹಿಡಿದು ಜಗ್ಗಿದೆ. "ಕೂತ್ಕೊಳ್ರೀ, ಇದು ಕಣಕಟ್ಟೆ ಅಲ್ಲ!"

"ಅಷ್ಟ್ ಚೆಂದಾಗ್ ಹಾಡವ್ಳೆ, ಸುಮ್ಕೆ ಕೂರಾಕಾಯ್ತದೇನೇ?" ಎಂದು ನನ್ನ ಮೇಲೇ ರೇಗಿದರು. ಗಟ್ಟಿಯಾಗಿ, ಅಷ್ಟು ಜನರ ಎದುರಿಗೆ! ನನ್ನ ಕೈ ಅಂಗಿಯಿಂದ ತಾನಾಗಿಯೇ ಜಾರಿತು.

ಟಾರ್ಚ್ ಹಿಡಿದವರೊಬ್ಬರು ನಮ್ಮ ಕಡೆ ದಾಪುಗಾಲು ಹಾಕಿಕೊಂಡು ಬರುತ್ತಿದ್ದರು. ಅಷ್ಟರಲ್ಲಿ ಹಾರ್ಮೋನಿಯಂ ಹಿರಿಯರು ತಲೆಯೆತ್ತಿ ಕತ್ತಲಲ್ಲಿ ನಮ್ಮನ್ನು ಹುಡುಕಿದರು. ಅವರ ಮುಖವೆಲ್ಲ ನಗುವಾಯಿತು. ಬೆರಳು ಮತ್ತೆ ಹಾರ್ಮೋನಿಯಂನ ಕಪ್ಪು-ಬಿಳಿ ಮನೆಗಳ ಮೇಲೆ ಓಡಿತು. ಹುಡುಗಿ ಒಂದು ಗಳಿಗೆ ಗಲಿಬಿಲಿಗೊಂಡು ಅವರನ್ನು ನೋಡಿದಳು, ಆಮೇಲೆ ದೋಣಿಗೆ ಹಿಂತಿರುಗಿ ಮೊದಲಿನಿಂದ ಹಾಡಿದಳು. ಈ ಸಲ ಹಾಡು ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ನಾನಂತೂ ಅಂಗೈ ಉರಿಯುವವರೆಗೆ ತಟ್ಟಿದೆ.

ನಾಟಕ ಮುಗಿದ ಮೇಲೆ ನಿರ್ದೇಶಕರು ಮೈಕ್ ಹಿಡಿದು, "ಒನ್ಸ್ ಮೋರ್ ಅಂದವರು ಯಾರು? ದಯವಿಟ್ಟು ನಿಂತ್ಕೊಳ್ಳಿ" ಎಂದರು. ಆಗ ಅಂಗಿ ಜಗ್ಗಿದ್ದ ನಾನೇ ಈಗ ಅವರ ಬೆನ್ನಿಗೆ ಕೈಕೊಟ್ಟು ಎಬ್ಬಿಸಿದೆ.

"ನಾನು ಕಣ್ರಪ್ಪ. ಅರಸೀಕೆರೆಯೋನು. ನಮ್ ಕಡೆ ಚೆನ್ನಾಗ್ ಹಾಡಿದ್ರೆ ಹಂಗೇ ಕೂಗೋದು. ತಪ್ಪಾಗಿದ್ರೆ ಹೊಟ್ಟೇಗ್ ಹಾಕ್ಕಳಿ" ಎಂದರು.

"ಈ ಕೂಗು ಕೇಳಿ ಎಷ್ಟು ವರ್ಷ ಆಗಿತ್ತು ಸ್ವಾಮಿ!" ಎಂದರು ಹಾರ್ಮೋನಿಯಂ ಹಿರಿಯರು.

ಇಷ್ಟಕ್ಕೇ ಕೂತಿದ್ದರೆ ಅವರು ನನ್ನ ಗಂಡ ಹೇಗಾಗುತ್ತಾರೆ? "ಒಂದ್ ಮಾತು. ಮೊದ್ಲ ಸಲ ಕೊನೇ ಸಾಲ್ನಾಗೆ ಶ್ರುತಿ ಚೂರು ಇಳ್ದಿತ್ತು. ಎರಡ್ನೇ ಸಲ ಸರಿಹೋಯ್ತು" ಎಂದರು. ಜನ ಹೋ ಎಂದು ನಕ್ಕರು. ಹುಡುಗಿ ಎರಡೂ ಕಿವಿ ಮುಟ್ಟಿಕೊಂಡು, ಆಮೇಲೆ ಅವರಿಗೆ ಕೈಮುಗಿದಳು. ನಾನು ಗೆದ್ದೆ ಎಂದುಕೊಂಡೆ, ಆದರೆ ಗೆಲ್ಲುವುದು ಇನ್ನೂ ಬಾಕಿಯಿತ್ತು.

ಹೊರಗೆ ಕಾಫಿ ಕುಡಿಯುವಾಗ ಯಜಮಾನರು ತಾವಾಗಿಯೇ ಫೋನ್ ತೆಗೆದು ಡ್ರಾಮಾ ಮೇಷ್ಟ್ರಿಗೆ ಮಾಡಿದರು. "ಮೇಷ್ಟ್ರೇ, ರಾಜನ ಪಾರ್ಟು ಬ್ಯಾರೆಯೋರ್ಗೆ ಕೊಡಿ. ಆ ಮುದಿ ಮಂತ್ರಿ ಪಾರ್ಟು ನಂಗಿರ್ಲಿ."

ಆ ಕಡೆಯಿಂದ ಮೇಷ್ಟ್ರ ಜೋರು ನನಗೂ ಕೇಳಿಸಿತು. "ಯಾರಪ್ಪ ನೀನು? ನಮ್ ಯಜಮಾನ್ರ ಫೋನು ನಿನ್ ಕೈಗೆ ಹೆಂಗ್ ಬಂತು?"

ಎರಡು ವರ್ಷ ಅವರು ಹೆದರಿಕೊಂಡಿದ್ದು ಇದೇ ಮಾತಿಗೆ. ಫೋನ್ ಇಸಿದುಕೊಳ್ಳಲು ಕೈ ಚಾಚಿದೆ. ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಎದೆ ಸೆಟೆಸಿ ನಿಂತರು.

"ನಾನೇ ಕಣ್ರೀ ಮೇಷ್ಟ್ರೇ. ಇನ್ಮ್ಯಾಲೆ ನನ್ ದನಿ ಇದೇಯ. ಗುರ್ತು ಮಾಡ್ಕಳಿ."