ಬೀರುವಿನಲ್ಲಿರುವ ಆಚಾರ್ರ ಇಕ್ಕಳ

ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಆ ಹೆಂಗಸಿನ ಸಾವಿಗೆ ಆಸ್ಪತ್ರೆ ಉಪಕರಣಗಳ ಸರ್ಕಾರಿ ಉಗ್ರಾಣದ ಅಧಿಕಾರಿಗಳೇ ಹೊಣೆ. ಯೋಚಿಸಿಯೇ ಈ ಮಾತನ್ನು ಬರೆಯುತ್ತಿದ್ದೇನೆ. ಅವಳನ್ನು ಉಳಿಸಬಹುದಾಗಿದ್ದ ಇಕ್ಕಳ ಆಗ ಅವರ ಬೀರುವಿನಲ್ಲಿತ್ತು, ಈಗಲೂ ಇದೆ. ಅದನ್ನು ಮಾಡಿದ ಮನುಷ್ಯ ಈಗಿಲ್ಲ.

ಅವರ ಎಡಗೆನ್ನೆ ಬಲಗೆನ್ನೆಗಿಂತ ಜೋಲುಬಿದ್ದಿತ್ತು. ನಲವತ್ತು ವರ್ಷ ಊದುಗೊಳವೆ ಊದಿದ ಗುರುತು. ಬಲಹೆಬ್ಬೆರಳಿನ ಉಗುರು ಓಲೆಗೆ, ಮೂಗುತಿಗೆ ಕಲ್ಲು ಕೂರಿಸಿ ಕೂರಿಸಿ ನಡುವೆ ಸೀಳಿತ್ತು. ಕೋಲಾರದ ನಮ್ಮ ಬೀದಿಯ ಅಕ್ಕಸಾಲಿ, ಎಲ್ಲರಿಗೂ ಆಚಾರ್ರು. ಅವರ ಮನೆಮಾತು ತೆಲುಗು, ನಾನು ಬಿ.ಎ. ಮುಗಿಸಿ ಬಂದ ಮೇಲೂ ಅವರಿಗೆ 'ಅಬ್ಬಾಯಿ'ಯೇ, ಹುಡುಗನೇ. ಒಂದು ಕಡೆ ಕೂತಿರುವುದು ಅವರಿಂದಾಗದು. ಕುಲುಮೆಯ ಮುಂದಿನಿಂದ ಎದ್ದು ಬಂದು ನಮ್ಮ ಬಾವಿಯ ರಾಟೆಗೆ ಕಿವಿಗೊಟ್ಟು, ಅಚ್ಚು ಸವೆದಿದೆ, ಕೇಳಿಸುವುದಿಲ್ಲವೇ ಎಂದು ನನ್ನ ತಾಯಿಯನ್ನು ಗದರುವರು. ಸರಿಯಿಲ್ಲದ ವಸ್ತುವೊಂದು ಬೀದಿಯಲ್ಲಿ ಎಲ್ಲೇ ಇರಲಿ, ಅವರಿಗೆ ಊಟ ಸೇರುತ್ತಿರಲಿಲ್ಲ.

ಯುದ್ಧ ಶುರುವಾಗಿ ಹಡಗುಗಳು ನಿಂತಾಗ ನಮ್ಮ ಸೀಮೆಯ ಆಸ್ಪತ್ರೆಯೊಂದರ ದೊಡ್ಡ ಡಾಕ್ಟರು ಅವರನ್ನು ಕರೆಸಿದರು. ಹೊಟ್ಟೆಯ ಆಪರೇಷನ್ನಿನಲ್ಲಿ ಜಠರದ ಕೊಯ್ದ ಅಂಚನ್ನು ತಂತಿಯ ಕೊಂಡಿಗಳ ಸಾಲಿನಿಂದ ಒಂದೇ ಹಿಡಿತಕ್ಕೆ ಮುಚ್ಚುವ ಇಕ್ಕಳ ಅಲ್ಲಿತ್ತು. ಪರದೇಶದ ಕೊಂಡಿಗಳು ಮುಗಿದಿದ್ದವು. ಅಂಥವನ್ನು ಬೆಳ್ಳಿತಂತಿಯಲ್ಲಿ ಮಾಡಿಕೊಡುವಿರಾ ಎಂದು ಡಾಕ್ಟರು ಕೇಳಿದರು. ಆಚಾರ್ರು ಕೊಂಡಿಯನ್ನು ಪಕ್ಕಕ್ಕಿಟ್ಟು ಇಕ್ಕಳವನ್ನೇ ತಿರುಗಿಸಿ ತಿರುಗಿಸಿ ನೋಡಿದರಂತೆ.

"ಇದು ಅಡಕತ್ತರಿ ಸ್ವಾಮಿ. ಬುಡದಲ್ಲಿ ಕಚ್ಚುತ್ತೆ, ತುದೀಲಿ ಬಾಯ್ ಬಿಡುತ್ತೆ."

ತುದಿಯ ಕೊಂಡಿಗಳು ಪೂರ್ತಿ ಮಡಿಚಿಕೊಳ್ಳುವುದಿಲ್ಲವೆಂಬ ಅಳುಕು ಡಾಕ್ಟರಿಗೂ ಇತ್ತು. ಆಚಾರ್ರು ಹೊಸ ಇಕ್ಕಳವೊಂದನ್ನು ಮಾಡಿ, ಎರಡು ದವಡೆಗಳೂ ಉದ್ದಕ್ಕೂ ಸಮನಾಗಿ ಕೂರುವಂತೆ ತುದಿಗೊಂದು ತಿರುಪು ಇಟ್ಟರು. ಪರೀಕ್ಷೆಗೆಂದು ಆಸ್ಪತ್ರೆಯಿಂದ ಕುರಿಯ ಜಠರ ಬರುತ್ತಿತ್ತು. ಜನಿವಾರದ, ಮಾಂಸ ಮುಟ್ಟದ ಮನೆ. ಆ ಜಠರವನ್ನು ಇಕ್ಕಳದಿಂದ ಮುಚ್ಚಿ, ನೀರು ತುಂಬಿ, ಹಿತ್ತಲ ಕಂಬಕ್ಕೆ ತೂಗುಹಾಕಿ ಸೋರುತ್ತದೆಯೇ ಎಂದು ನೋಡುತ್ತ ನಿಲ್ಲುವರು. ಮೀಯದೆ ಒಳಗೆ ಬಿಡೆನೆಂದು ಅವರ ಪತ್ನಿ ದಿನಕ್ಕೆ ಮೂರು ಸಲ ನೀರು ಕಾಯಿಸುವರು.

ತಾಳಿ ಮಾಡಿಸಲು ಶ್ರೀನಿವಾಸಪುರದಿಂದ ಬಂದ ಹಿರಿಯ ಹೆಂಗಸೊಬ್ಬರು ತೂಗುತ್ತಿದ್ದ ಜಠರವನ್ನು ಕಂಡುಬಿಟ್ಟರು.

"ಇದೇ ಕೈಯಲ್ಲಾ ಆಚಾರ್ರೇ ತಾಳಿ ಮಾಡೋದು?"

"ಇದೇ ಕೈ ತಾಯಿ. ತಾಳಿ ಉಳೀಬೇಕಾದ್ರೆ ಗಂಡ ಉಳೀಬೇಕಲ್ಲ?"

ಆಕೆ ನಗಲಿಲ್ಲ. ಆ ತಾಳಿ ಬೇರೆ ಅಂಗಡಿಗೆ ಹೋಯಿತು. ಅದರ ಹಿಂದೆ ಇನ್ನೆಷ್ಟೋ ಹೋದವು.

ಇಕ್ಕಳ ಹಾಕಿದ ಅಂಚಿನಿಂದ ಕೊನೆಗೊಂದು ದಿನ ತೊಟ್ಟು ನೀರೂ ಸೋರಲಿಲ್ಲ. ಗೆದ್ದೆನೆಂದು ಆಸ್ಪತ್ರೆಗೆ ಒಯ್ದರು. ಡಾಕ್ಟರು ಮುಚ್ಚಿದ ಅಂಚನ್ನು ಮುಟ್ಟಿ ನೋಡಿ, ತಮ್ಮ ಕಿರುಬೆರಳಿಗೆ ದಾರ ಬಿಗಿದು, ಅದು ನೀಲಿಯಾಗುವವರೆಗೂ ಆಚಾರ್ರೆದುರು ಹಿಡಿದರಂತೆ. ಅಷ್ಟು ಬಿಗಿದರೆ ಅಂಚಿಗೆ ರಕ್ತ ಹರಿಯದು, ಅಂಚು ಕೊಳೆಯುತ್ತದೆ. ಅಂದು ಆಚಾರ್ರು ಜಗಲಿಯ ಉದ್ದಕ್ಕೂ ಓಡಾಡುತ್ತಲೇ ಇದ್ದರು.

"ಕಲ್ಲು ಅಲ್ಲಾಡಬಾರ್ದು ಅಂತಷ್ಟೇ ನಾನು ಕಲ್ತಿದ್ದು ಅಬ್ಬಾಯಿ. ಕಲ್ಲು ಸಾಯಲ್ಲ, ಮಾಂಸ ಸಾಯುತ್ತೆ. ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಈ ಕೈಗೆ ಗೊತ್ತೇ ಇಲ್ಲ ಕಣೋ."

ಹದಿನೈದು ದಿನಗಳ ಮೇಲೆ ದವಡೆಗಳ ನಡುವೆ ಅಕ್ಕಿಕಾಳಿನಷ್ಟು ಹಿತ್ತಾಳೆಯ ತಡೆಯೊಂದು ಬಂತು. ಎಷ್ಟೇ ಒತ್ತಿದರೂ ಇಕ್ಕಳ ಅಲ್ಲಿಗೇ ನಿಲ್ಲುತ್ತಿತ್ತು: ಸೋರದಷ್ಟು ಬಿಗಿ, ರಕ್ತ ಹರಿಯುವಷ್ಟು ಸಡಿಲ. ಅದರಿಂದ ಬದುಕಿದವರಲ್ಲಿ ನನ್ನ ತಂದೆಯೂ ಒಬ್ಬರು. ಆಚಾರ್ರ ಬೆಳ್ಳಿ ಕೊಂಡಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವತ್ತಿಗೂ ಮುದ್ದೆ ಉಣ್ಣುತ್ತಿದ್ದಾರೆ.

ಡಾಕ್ಟರು ಸೈನ್ಯಕ್ಕೆ ಹೋದರು. ಹೊಸದಾಗಿ ಬಂದ ಡಾಕ್ಟರು, ಈ ಇಕ್ಕಳ ಸರ್ಕಾರದ ಪಟ್ಟಿಯಲ್ಲಿಲ್ಲವೆಂದು ಮಂಜೂರಾತಿಗಾಗಿ ಅದನ್ನು ಉಗ್ರಾಣಕ್ಕೆ ಕಳಿಸಿ, ಹಳೆಯದನ್ನೇ ಕೈಗೆತ್ತಿಕೊಂಡರು. ಆಚಾರ್ರು ಹೇಳಿದಂತೆ ನಾನು ಉಗ್ರಾಣಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಅರ್ಜಿ ಬರೆದೆ. ಒಂದಕ್ಕೆ ಉತ್ತರ ಬಂತು: ವಿಷಯ ಪರಿಶೀಲನೆಯಲ್ಲಿದೆ.

ವಿಷಯ ಪರಿಶೀಲನೆಯಲ್ಲಿರುವಾಗಲೇ ಮಾಲೂರಿನ ಹೆಂಗಸು ಸತ್ತಳು. ತುದಿಯ ಎರಡು ಕೊಂಡಿಗಳು ಬಾಯಿ ಬಿಟ್ಟಿದ್ದವು, ಮೇಲೆ ಹಾಕಿದ ಹೊಲಿಗೆಯೂ ತಡೆಯಲಿಲ್ಲ ಎಂದು ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಡ್ರೆಸ್ಸರು ಬಂದು ತಿಳಿಸಿದ. ಆಚಾರ್ರು ಹಳೆಯ ಇಕ್ಕಳದ ಅಳತೆಗೆ ಒಂದು ತಿರುಪು, ಒಂದು ಹಿತ್ತಾಳೆಯ ತಡೆ ಮಾಡಿ, ಪುಟ್ಟ ಡಬ್ಬಿಯಲ್ಲಿಟ್ಟುಕೊಂಡು, ಲೋಹ ಉಜ್ಜುವ ಅರವನ್ನು ಕಂಕುಳಲ್ಲಿರಿಸಿಕೊಂಡು ಆಸ್ಪತ್ರೆಗೆ ಹೊರಟರು. ನಾನೂ ಜೊತೆಗೆ ಹೋದೆ. ಸರ್ಕಾರಿ ಸಾಮಾನನ್ನು ಹೊರಗಿನವರ ಕೈಗೆ ಕೊಡುವಂತಿಲ್ಲ ಎಂದರು ಹೊಸ ಡಾಕ್ಟರು.

"ಕೈಗೆ ಕೊಡ್ಬೇಡಿ ಸ್ವಾಮಿ. ನೀವೇ ಹಿಡ್ಕೊಂಡಿರಿ, ನಾನು ಕೂರಿಸ್ತೀನಿ. ಅರ್ಧ ಗಂಟೆ ಸಾಕು."

ಡಾಕ್ಟರು ಒಳಗೆ ಹೋದರು. ಆಚಾರ್ರು ಎಂಟು ದಿನ ಆಸ್ಪತ್ರೆಯ ಮೆಟ್ಟಿಲಿಗೆ ಹೋಗಿ ಬಂದರು. ಒಂಬತ್ತನೆಯ ದಿನ ಜ್ವರ ಹಿಡಿಯಿತು. ಮೂರು ವಾರಕ್ಕೆ ಅವರನ್ನು ಕೊಂಡೊಯ್ದಿತು. ಮಾತು ನಿಂತ ಮೇಲೂ ಉಗುರು ಸೀಳಿದ ಆ ಹೆಬ್ಬೆರಳು ಕಂಬಳಿಯ ಅಂಚನ್ನು ಒತ್ತುವುದು, ಬಿಡುವುದು, ಮತ್ತೆ ಒತ್ತುವುದು ನಿಂತಿರಲಿಲ್ಲ.

ಮುಂದಿನ ವಾರ ಮುಳಬಾಗಿಲಿನ ರೈತರೊಬ್ಬರು ಅದೇ ಆಪರೇಷನ್ನಿನ ಮೇಜಿನ ಮೇಲೆ ಮಲಗಲಿದ್ದಾರೆ. ಆದ್ದರಿಂದ ಉಗ್ರಾಣದ ಅಧಿಕಾರಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು: ಅದಕ್ಕೆ ಮೊದಲು ಆಚಾರ್ರ ಇಕ್ಕಳವನ್ನು ಆಸ್ಪತ್ರೆಗೆ ಮರಳಿಸತಕ್ಕದ್ದು. ಅದನ್ನು ಇಷ್ಟು ದಿನ ಏಕೆ ಇಟ್ಟುಕೊಂಡಿರೆಂಬುದಕ್ಕೆ ಲಿಖಿತ ಉತ್ತರವನ್ನು ಅವರ ಪತ್ನಿಯ ಹೆಸರಿಗೆ, ಕನ್ನಡದಲ್ಲಿ, ಕಳಿಸತಕ್ಕದ್ದು; ಆಕೆಗೆ ಓದು ಬಾರದು, ನಾನು ಓದಿ ಹೇಳುತ್ತೇನೆ. ಮರಳಿಸುವುದು ತಡವಾಗುವುದಾದರೆ ಹಳೆಯ ಇಕ್ಕಳಕ್ಕೆ ಮಾಡಿದ ತಿರುಪು ಮತ್ತು ತಡೆ ಆ ಡಬ್ಬಿಯಲ್ಲೇ ನನ್ನ ಬಳಿ ಇವೆ. ಕೂರಿಸಬಲ್ಲ ಅಕ್ಕಸಾಲಿಯೊಬ್ಬನನ್ನು ಕರೆದುಕೊಂಡು ನಾಳೆ ಬೆಳಿಗ್ಗೆಯಿಂದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾದಿರುತ್ತೇನೆ. ಡಾಕ್ಟರೇ, ಇಕ್ಕಳವನ್ನು ನೀವೇ ಹಿಡಿದುಕೊಂಡಿರಿ.