ಅಪ್ಪ ಕೂಗುತ್ತಿದ್ದ ಆರ್ಡರು

ನಮ್ಮದು ಚನ್ನಪಟ್ಟಣದ ಹಳೇ ಹೆದ್ದಾರಿ ಪಕ್ಕದ ಮಿಲಿಟರಿ ಹೋಟೆಲು. ಗಲ್ಲಾದಲ್ಲಿ ಅಪ್ಪ, ಒಲೆ ಮುಂದೆ ಅವ್ವ, ಉಳಿದೆಲ್ಲ ತಾಪತ್ರಯಕ್ಕೆ ಮಗಳು ನಾನು. ಗಲ್ಲಾಪೆಟ್ಟಿಗೆಗೂ ಅಡುಗೆಮನೆಗೂ ನಡುವೆ ಒಂದು ಗೋಡೆ, ಅದರಲ್ಲೊಂದು ಕಿಂಡಿ. ಗಿರಾಕಿ ಬಂದು ಕೂತರೆ ಅಪ್ಪ ಕೂತಲ್ಲಿಂದಲೇ "ಎರಡು ಮುದ್ದೆ, ಒಂದು ಬೋಟಿ!" ಎಂದು ಕೂಗುತ್ತಿದ್ದ. ಒಳಗಿನಿಂದ ಅವ್ವ "ಬಂತೂ!" ಎನ್ನುತ್ತಿದ್ದಳು.

ಅವರಿಬ್ಬರ ನಡುವೆ ಇದ್ದ ಮಾತೇ ಅಷ್ಟು. ಮಾಗಡಿ ಕಡೆಯ ಕಲ್ಯದಲ್ಲಿ ನನ್ನ ಸೋದರಮಾವ ಮನೆ ಕಟ್ಟಿಸಿ, ಗೃಹಪ್ರವೇಶದ ಕಾರ್ಡನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. "ಬಂದು ಕರೀದೆ ಇರೋನ ಮನೆಗೆ ನಾನ್ಯಾಕೆ ಹೋಗ್ಲಿ" ಎಂದು ಅಪ್ಪ ಕೂತ. ಅವ್ವ ಒಬ್ಬಳೇ ಹೋಗಿ ಬಂದಳು. ಬಂದವಳು ಮಾತು ಬಿಟ್ಟಳು, ಅಪ್ಪನೂ ಬಿಟ್ಟ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಮ್ಮ ಮನೆಯಲ್ಲಿ ಇಬ್ಬರೂ ಉಂಡರು, ಮಲಗಿದರು, ಎದ್ದರು, ವರ್ಷಗಳೇ ಕಳೆದವು.

"ನಿಮ್ಮಪ್ಪಂಗೆ ಹೇಳು, ಗ್ಯಾಸ್ ಮುಗೀತಾ ಐತೆ."

"ನಿಮ್ಮವ್ವಂಗೆ ಹೇಳು, ನಂಗೂ ಕಣ್ಣವೆ."

ಇಬ್ಬರ ನಡುವೆ ಓಡಾಡಿ ನನಗೆ ಸಾಕಾಗಿತ್ತು. ಆರ್ಡರು ಮಾತ್ರ ನೇರ ಹೋಗುತ್ತಿತ್ತು. ಅದು ಗಿರಾಕಿಯ ಮಾತು, ಅದಕ್ಕೆ ಮುನಿಸು ತಾಗುವುದಿಲ್ಲ ಎಂದು ಇಬ್ಬರೂ ಒಳಗೊಳಗೇ ಒಪ್ಪಿಕೊಂಡಿದ್ದರೋ ಏನೋ. ನಾನು ಆಗ ಅಷ್ಟು ಯೋಚಿಸಿರಲಿಲ್ಲ.

ಹೊಸ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರಿನ ಕಾರುಗಳು ನಮ್ಮನ್ನು ಮರೆತವು. ಇನ್ನು ಫೋನಿನಲ್ಲಿ ಬರುವ ಪಾರ್ಸಲ್ಲೇ ಗತಿ ಎಂದು ನಾನು ಹಟ ಹಿಡಿದು ಗಲ್ಲಾಕ್ಕೊಂದು ಟ್ಯಾಬು, ಅಡುಗೆಮನೆಯ ಗೋಡೆಗೊಂದು ಪರದೆ ಹಾಕಿಸಿದೆ. ಹೊರಗೆ ಒತ್ತಿದ್ದು ಒಳಗೆ ಕಾಣುತ್ತದೆ. ಅಪ್ಪ ಒಂದೇ ಬೆಳಿಗ್ಗೆ ಕಲಿತುಬಿಟ್ಟ, ಆದರೆ ಒತ್ತುವುದರ ಜೊತೆಗೆ ಕೂಗುವುದನ್ನೂ ಬಿಡಲಿಲ್ಲ. ಊಟ ಬಡಿಸಲು ಕೂಲಿಗೆ ಇಟ್ಟುಕೊಂಡಿದ್ದ ಹೆಂಗಸು ಪರದೆ ನೋಡಿ ಒಂದು ತಟ್ಟೆ, ಕೂಗು ಕೇಳಿ ಇನ್ನೊಂದು ತಟ್ಟೆ ಹಾಕಿದಳು. ಮಧ್ಯಾಹ್ನಕ್ಕೇ ಬೋಟಿ ಖಾಲಿ. ನನಗೆ ರೇಗಿತು.

"ಅಪ್ಪಾ, ಬಾಯಿ ಮುಚ್ಕೊಂಡು ಒತ್ತು, ಸಾಕು" ಎಂದೆ.

ಮಾರನೆಯ ದಿನ ಅಪ್ಪ ಬಾಯಿ ಬಿಡಲಿಲ್ಲ. ಕೆಲಸ ಹೂವೆತ್ತಿದ ಹಾಗೆ ನಡೆಯಿತು. ನಾನು ಬೀಗುತ್ತ ಒಳಗೆ ಹೋದರೆ, ಅವ್ವ ಮುದ್ದೆ ಕೋಲು ಹಿಡಿದು ಕಿಂಡಿಯ ಕಡೆಗೇ ನೋಡುತ್ತಿದ್ದಳು.

"ನಿಮ್ಮಪ್ಪಂಗೆ ಮೈ ಸರಿಗಿಲ್ವೇನೇ? ಬೆಳಗಿಂದ ದನಿನೇ ಇಲ್ಲ."

"ಚೆನ್ನಾಗವ್ನೆ ಕಣವ್ವ. ಮೆಷಿನ್ ಐತಲ್ಲ, ಇನ್ಮೇಲೆ ಕೂಗೋ ಹಂಗೇ ಇಲ್ಲ."

"ಇನ್ಮೇಲೂ?" ಎಂದಳು.

ಆ ಮುಖ ನೋಡಿದ ಮೇಲೆ ನನಗೆ ಹೊಳೆಯಿತು. ಅವರಿಬ್ಬರಿಗೆ ಉಳಿದಿದ್ದ ನಾಲ್ಕು ಮಾತನ್ನೂ ನಾನೇ ಕಿತ್ತುಕೊಂಡಿದ್ದೆ.

ಅವ್ವ ಕೋಲನ್ನು ಪಾತ್ರೆಯಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಿಂಡಿಗೆ ಮುಖ ಕೊಟ್ಟಳು.

"ಒಸಿ ಇಲ್ಲಿ ಕೇಳಿ" ಎಂದಳು, ನೇರ ಅಪ್ಪನಿಗೇ. "ಈ ಮೆಷಿನ್ನಾಗೆ ಬರೋದು ನಂಗೆ ಓದಾಕ್ ಬರಾಕಿಲ್ಲ. ಬಾಯಲ್ಲೇ ಹೇಳಿ."

ಎಸ್ಸೆಸ್ಸೆಲ್ಸಿ ಪಾಸಾದವಳು ನಮ್ಮವ್ವ. ದಿನಾ ಪೇಪರನ್ನು ಶ್ರದ್ಧಾಂಜಲಿಯ ತನಕ ಬಿಡದೆ ಓದುವವಳು. ಅದು ನನಗಿಂತ ಅಪ್ಪನಿಗೆ ಚೆನ್ನಾಗಿ ಗೊತ್ತು. ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಅಪ್ಪ ಟ್ಯಾಬನ್ನು ಮೆಲ್ಲಗೆ ಮಗುಚಿ ಇಟ್ಟು ಕಿಂಡಿಯ ಕಡೆ ತಿರುಗಿದ.

"ನಂಗೂ ಒತ್ತಾಕ್ ಬರಾಕಿಲ್ಲ ಕಣಮ್ಮಿ" ಎಂದ.